ಪ್ರೊಡಕ್ಷನ್ ಡಿಸೈನ್ ಮುಂದಿನ ಹಂತದ ಕಲಿಕೆ: ಮಂಗಳೂರು, ಉಡುಪಿಯಲ್ಲೇ ಇದ್ದು ಎಷ್ಟರವರೆಗೆ ಆಗ್ತದೆ?

ಬಿಳಿಹಾಳೆ:
ಎಲ್ಲರಿಗೂ ನಮಸ್ಕಾರ. ಒಳಾಂಗಣ ವಿನ್ಯಾಸ, ಆರ್ಕಿಟೆಕ್ಚರ್, ಚಿತ್ರಕಲೆ ಓದಿ ತುಳು ಸಿನಿಮಾ, ಕಿರುಚಿತ್ರ, ಸೀರಿಯಲ್‌ಗಳ ಆರ್ಟ್ ವಿಭಾಗದಲ್ಲಿ ಸಹಾಯಕರಾಗಿ ಇರುವವರು ನಮ್ಮ ಕಡೆ ತುಂಬ ಜನ ಇದ್ದಾರೆ. ಬಣ್ಣ ಹೊಡೆಸ್ಲಿಕ್ಕೆ, ಸಾಮಾನು ಹೊಂದಿಸ್ಲಿಕ್ಕೆ ಗೊತ್ತುಂಟು. ಆದರೆ ಸ್ಕ್ರಿಪ್ಟ್ ಕೈಗೆ ಕೊಟ್ಟು "ಇಡೀ ಚಿತ್ರದ ನೋಟ ನೀನು ಕಟ್ಟು" ಅಂದರೆ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಿಲ್ಲ. ಈ ಮುಂದಿನ ಹಂತಕ್ಕೆ ಪುಣೆ, ದಿಲ್ಲಿಗೆ ಹೋಗಲೇಬೇಕಾ? ಊರಲ್ಲೇ ಇದ್ದು ಅಭ್ಯಾಸ ಮಾಡುವುದಾದರೆ ಯಾವ ಕ್ರಮದಲ್ಲಿ ಮಾಡಬೇಕು? ಪೋರ್ಟ್‌ಫೋಲಿಯೊದಲ್ಲಿ (ನಮ್ಮ ಕೆಲಸ ತೋರಿಸುವ ಕಡತ) ಎಂತ ಇರಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ಮಣಿಪಾಲ_ಬೆಟ್ಟ:
ಸಂಸ್ಥೆಗಳ ವಿಷಯ ಮೊದಲು ಮುಗಿಸುವ. ಪುಣೆಯ ಎಫ್‌ಟಿಐಐಯಲ್ಲಿ (ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ) ಕಲಾ ನಿರ್ದೇಶನ ಮತ್ತು ಪ್ರೊಡಕ್ಷನ್ ಡಿಸೈನ್ ಅಂತಲೇ ಪ್ರತ್ಯೇಕ ವಿಭಾಗ ಉಂಟು. ಚಿತ್ರಕಲೆ, ಶಿಲ್ಪ, ಆರ್ಕಿಟೆಕ್ಚರ್, ಒಳಾಂಗಣ ಈ ಕಡೆಯಿಂದ ಬಂದವರಿಗೆ ಸರಿ ಹೊಂದುವ ಕೋರ್ಸ್. ಅರ್ಹತೆಯ ವಿವರ ಮಾತ್ರ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ದಿಲ್ಲಿಯ ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಮೂರು ವರ್ಷದ್ದು, ಅಲ್ಲಿ ರಂಗ ವಿನ್ಯಾಸಕ್ಕೆ ಒತ್ತು ಕೊಟ್ಟು ಕಲಿಯಬಹುದು. ನಮಗೆ ಹತ್ತಿರದ್ದು ಘಟ್ಟ ಹತ್ತಿದರೆ ಸಿಗುವ ಹೆಗ್ಗೋಡಿನ ನೀನಾಸಂ, ಒಂದು ವರ್ಷದ ರಂಗಶಿಕ್ಷಣ. ಅದು ಸಿನಿಮಾ ಕೋರ್ಸ್ ಅಲ್ಲ, ಆದರೆ ಜಾಗ, ಬೆಳಕು, ನಟನ ಚಲನೆ ಈ ಮೂರರ ಲೆಕ್ಕ ಕೈಗೆ ಹತ್ತುತ್ತದೆ. ಹೊರದೇಶ ಅಂದರೆ ಇಂಗ್ಲೆಂಡಿನ ಎನ್‌ಎಫ್‌ಟಿಎಸ್ (ನ್ಯಾಷನಲ್ ಫಿಲ್ಮ್ ಅಂಡ್ ಟೆಲಿವಿಷನ್ ಸ್ಕೂಲ್), ಲಾಸ್ ಏಂಜಲೀಸ್‌ನ ಎಎಫ್‌ಐ (ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್). ಎರಡರಲ್ಲೂ ಪ್ರೊಡಕ್ಷನ್ ಡಿಸೈನ್‌ಗೇ ಪ್ರತ್ಯೇಕ ಸ್ನಾತಕೋತ್ತರ ಕೋರ್ಸ್ ಉಂಟು, ಎರಡಕ್ಕೂ ಪೋರ್ಟ್‌ಫೋಲಿಯೊ ಗಟ್ಟಿ ಬೇಕು.

ಕುಡ್ಲ_ಕಟ್ಟೆ:
ಆರ್ಟ್ ಡೈರೆಕ್ಟರ್ ಅಂದರೂ ಅದೇ ಅಲ್ವಾ? ಹೆಸರು ಮಾತ್ರ ದೊಡ್ಡದು ಮಾಡಿದ್ದಾ?

ನೀಲನಕ್ಷೆ:
ಅಲ್ಲ. ಚಿತ್ರದ ಒಟ್ಟು ನೋಟಕ್ಕೆ ಹೊಣೆ ಪ್ರೊಡಕ್ಷನ್ ಡಿಸೈನರ್. ಆ ನೋಟವನ್ನು ಡ್ರಾಯಿಂಗ್, ಬಜೆಟ್, ಕೆಲಸಗಾರರು, ದಿನದ ಲೆಕ್ಕ ಅಂತ ಇಳಿಸಿ ಕಟ್ಟಿಸುವವರು ಆರ್ಟ್ ಡೈರೆಕ್ಟರ್. ಸೆಟ್ ತುಂಬಿಸುವವರು ಸೆಟ್ ಡೆಕೊರೇಟರ್, ನಟನ ಕೈಗೆ ಹೋಗುವ ವಸ್ತು ಪ್ರಾಪ್ಸ್ ಮಾಸ್ಟರ್‌ದು. ಪ್ರೊಡಕ್ಷನ್ ಡಿಸೈನರ್ ಅನ್ನುವ ಹೆಸರು ಮೊದಲು ಸಿಕ್ಕಿದ್ದು 1939ರಲ್ಲಿ, ಹಾಲಿವುಡ್‌ನ ವಿಲಿಯಂ ಕ್ಯಾಮರಾನ್ ಮೆಂಜಿಸ್‌ಗೆ. ಆಸ್ಕರ್‌ನವರು ಪ್ರಶಸ್ತಿಯ ಹೆಸರನ್ನು ಕಲಾ ನಿರ್ದೇಶನದಿಂದ ಪ್ರೊಡಕ್ಷನ್ ಡಿಸೈನ್‌ಗೆ ಬದಲಿಸಿದ್ದು 2012ರಲ್ಲಿ. ನಮ್ಮಲ್ಲಿ ಸಣ್ಣ ಬಜೆಟಿನ ಚಿತ್ರದಲ್ಲಿ ಎಲ್ಲವೂ ಒಬ್ಬರ ತಲೆ ಮೇಲೆ ಬರ್ತದೆ, ಅದಕ್ಕೇ ಈ ಗೊಂದಲ.

ಬಿಳಿಹಾಳೆ ಅವರೇ, ಮೊದಲ ಅಭ್ಯಾಸ ಸ್ಕ್ರಿಪ್ಟ್ ಒಡೆಯುವುದು. ಯಾವುದಾದರೂ ಸಣ್ಣಕಥೆಯನ್ನು ಹತ್ತು ಹನ್ನೆರಡು ದೃಶ್ಯ ಮಾಡಿ. ಪ್ರತಿ ದೃಶ್ಯಕ್ಕೂ ಒಂದು ಸಾಲು: ದೃಶ್ಯ ಸಂಖ್ಯೆ, ಒಳಗೋ ಹೊರಗೋ, ಹಗಲೋ ರಾತ್ರಿಯೋ, ಯಾವ ಜಾಗ, ಕಥೆಯ ಎಷ್ಟನೇ ದಿನ, ಎಷ್ಟು ಪುಟ (ಪುಟವನ್ನು ಎಂಟು ಪಾಲು ಮಾಡಿ ಲೆಕ್ಕ ಹಾಕುವುದು ವಾಡಿಕೆ), ನಟ ಮುಟ್ಟುವ ವಸ್ತು, ಸುಮ್ಮನೆ ಇರುವ ವಸ್ತು, ಒಡೆಯುವ ಅಥವಾ ಹಾಳಾಗುವ ವಸ್ತು. ಹೆಚ್ಚಿನವರು ಬಿಡುವುದು "ಕಥೆಯ ಎಷ್ಟನೇ ದಿನ" ಅನ್ನುವ ಕಾಲಂ. ಶೂಟಿಂಗ್ ಕಥೆಯ ಕ್ರಮದಲ್ಲಿ ಆಗುವುದಿಲ್ಲವಲ್ಲ. 40ನೇ ದೃಶ್ಯ ಬೆಳಿಗ್ಗೆ, 12ನೇ ದೃಶ್ಯ ಮಧ್ಯಾಹ್ನ ತೆಗೆದರೆ ಗೋಡೆಯ ಕ್ಯಾಲೆಂಡರ್, ಡಬ್ಬಿಯ ಅಕ್ಕಿಯ ಮಟ್ಟ, ಹೂವಿನ ಮಾಲೆಯ ಬಾಡಿದ ಸ್ಥಿತಿ ಎಲ್ಲ ಹಿಂದೆ ಮುಂದೆ ಆಗ್ತದೆ. ಆ ಕಾಲಂ ಇದ್ದರೆ ಈ ತಪ್ಪು ಮೊದಲೇ ಕಾಣ್ತದೆ.

ರಥಬೀದಿ:
ಹಾಳಾಗುವ ವಸ್ತುವಿಗೆ ಲೆಕ್ಕ ಸೇರಿಸಿ. ಹರಿದು ಎಸೆಯುವ ಪತ್ರ ಅಂದರೆ ತಾಲೀಮಿಗೆ ಒಂದು, ಟೇಕ್‌ಗೆ ಒಂದೊಂದು, ಕೈಯಲ್ಲಿ ಇನ್ನೂ ಎರಡು. ಆರು ಟೇಕ್ ಅಂದುಕೊಂಡರೆ ಒಂಬತ್ತು ಪ್ರತಿ, ಎಲ್ಲ ಒಂದೇ ಕೈಬರಹ, ಒಂದೇ ಮಡಿಕೆ.

ಕ್ಯಾಮೆರಾಕಣ್ಣು:
ಇಲ್ಲಿ ಯಾರೂ ಲೆನ್ಸ್ ಬಗ್ಗೆ ಹೇಳಲಿಲ್ಲ. ಒಳಾಂಗಣ ವಿನ್ಯಾಸದಿಂದ ಬಂದವರು ಕೋಣೆಯನ್ನು ಮನುಷ್ಯನಿಗೆ ಮಾಡ್ತಾರೆ, ಸಿನಿಮಾದಲ್ಲಿ ಕೋಣೆ ಇರುವುದು ಚೌಕಟ್ಟಿಗೆ. ಲೆಕ್ಕ ಸುಲಭ ಉಂಟು. ಸೂಪರ್ 35 (ಸಿನಿಮಾ ಕ್ಯಾಮೆರಾಗಳ ಒಂದು ಸಾಮಾನ್ಯ ಸೆನ್ಸರ್ ಅಳತೆ) ಸೆನ್ಸರ್‌ನ ಅಗಲ ಹತ್ತಿರ ಹತ್ತಿರ 25 ಮಿ.ಮೀ. ಹಾಗಾಗಿ 25 ಎಂಎಂ ಲೆನ್ಸ್ ಹಾಕಿದರೆ ಎಷ್ಟು ದೂರ ನಿಂತಿರೋ ಅಷ್ಟೇ ಅಗಲ ಕಾಣ್ತದೆ: 10 ಅಡಿ ದೂರದಿಂದ 10 ಅಡಿ ಗೋಡೆ. 50 ಎಂಎಂ ಆದರೆ ಅದರ ಅರ್ಧ, 5 ಅಡಿ. ಸೂತ್ರ ಇಷ್ಟೇ: ದೂರ ಗುಣಿಸು 25, ಭಾಗಿಸು ಲೆನ್ಸ್. ಫುಲ್ ಫ್ರೇಮ್ ಆದರೆ 25ರ ಬದಲು 36.

ಇದನ್ನು ತಿರುಗಿಸಿ ಹಾಕಿ. 12 ಅಡಿ ಗೋಡೆ ಪೂರ್ತಿ 35 ಎಂಎಂನಲ್ಲಿ ಬೇಕು ಅಂದರೆ ಕ್ಯಾಮೆರಾ ಸುಮಾರು 17 ಅಡಿ ಹಿಂದೆ ಹೋಗಬೇಕು. ಕೋಣೆ 12 ಅಡಿ ಆಳದ್ದು ಆದರೆ ಎದುರು ಗೋಡೆ ಕಳಚುವ ಹಾಗೆ ಇರಬೇಕು. ಇದು ಡ್ರಾಯಿಂಗ್ ಹಂತದಲ್ಲೇ ತೀರ್ಮಾನ ಆಗಬೇಕಾದ್ದು. ಶೂಟಿಂಗ್ ದಿನ ಗೊತ್ತಾದರೆ ಬಡಗಿಗಳು ಗರಗಸ ಹಿಡಿದು ಬರಬೇಕಾಗ್ತದೆ, ಇಡೀ ಯೂನಿಟ್ ಕಾಯ್ತದೆ.

ಮರದಪುಡಿ:
ಗೋಡೆ ಎತ್ತರಕ್ಕೂ ಅದೇ ಲೆಕ್ಕ ಅಲ್ವಾ ಅಣ್ಣ?

ಕ್ಯಾಮೆರಾಕಣ್ಣು:
ಅದೇ. 16:9 ಚೌಕಟ್ಟಾದರೆ ಅಗಲವನ್ನು 9ರಿಂದ ಗುಣಿಸಿ 16ರಿಂದ ಭಾಗಿಸಿ. 25 ಎಂಎಂ, 15 ಅಡಿ ದೂರ: ಅಗಲ 15, ಎತ್ತರ ಸುಮಾರು 8.4 ಅಡಿ. ಕ್ಯಾಮೆರಾ 5 ಅಡಿ ಎತ್ತರದಲ್ಲಿ ಸಮತಲ ಇದ್ದರೆ ನೆಲದಿಂದ ಮುಕ್ಕಾಲು ಅಡಿ ಮೇಲಿನಿಂದ 9.2 ಅಡಿವರೆಗೆ ಕಾಣ್ತದೆ. ಹಾಗಾಗಿ 10 ಅಡಿ ಗೋಡೆ ಸಾಕು, 12 ಅಡಿಗೆ ಖರ್ಚು ಮಾಡುವುದು ವ್ಯರ್ಥ. ಕೆಳ ಕೋನದ ಶಾಟ್ ಇದ್ದರೆ ಮಾತ್ರ ಮಾಡು (ಛಾವಣಿ) ಕಟ್ಟಬೇಕು, ಅದೂ ಆ ಶಾಟ್‌ಗೆ ಎಷ್ಟು ಬೇಕೋ ಅಷ್ಟೇ.

ಮರದಪುಡಿ:
ಹಾಗಾದರೆ ನಾನು ಪ್ಲೈವುಡ್ ಲೆಕ್ಕ ಕೊಡ್ತೇನೆ. 12 ಅಡಿ ಅಗಲ, 10 ಅಡಿ ಎತ್ತರದ ಒಂದು ಗೋಡೆ. ಶೀಟ್ 8×4. ಮೂರು ಶೀಟ್ ನಿಲ್ಲಿಸಿದರೆ 12 ಅಡಿ ಅಗಲ ಆಯ್ತು, ಎತ್ತರ 8. ಮೇಲಿನ 2 ಅಡಿಗೆ ನಾಲ್ಕನೇ ಶೀಟನ್ನು 4×2ರ ನಾಲ್ಕು ತುಂಡು ಮಾಡಿ, ಮೂರು ಹಾಕಿ, ಒಂದು ಉಳೀತದೆ. ಚೌಕಟ್ಟಿಗೆ 2×1 ಇಂಚಿನ ರೀಪು (ಮರದ ಪಟ್ಟಿ): ದೊಡ್ಡ ಫ್ಲಾಟ್ (ಚೌಕಟ್ಟಿಗೆ ಪ್ಲೈ ಹೊಡೆದ ಗೋಡೆಯ ತುಂಡು) ಒಂದಕ್ಕೆ 8 ಅಡಿಯ ಎರಡು, 4 ಅಡಿಯ ನಾಲ್ಕು, ಒಟ್ಟು 32 ಅಡಿ. ಮೂರಕ್ಕೆ 96, ಮೇಲಿನ ತುಂಡುಗಳಿಗೆ 36. ಅಲ್ಲಿಗೆ 132 ಅಡಿ, ಹಾಳಾಗುವುದಕ್ಕೆ ಹತ್ತು ಶೇಕಡಾ ಸೇರಿಸಿ. ಹಿಂದೆ ಪ್ರತಿ ಜೋಡಣೆಗೆ ಒಂದು ತ್ರಿಕೋನ ಆಧಾರ, ಅದರ ಕಾಲಿಗೆ ಮರಳು ಚೀಲ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಜೋಡಣೆಯ ಗೆರೆ. ಫ್ಲಾಟ್ ಫ್ಲಾಟ್ ಸೇರುವಲ್ಲಿ ಬಟ್ಟೆ ಪಟ್ಟಿ ಅಂಟಿಸಿ ಪುಟ್ಟಿ ಎಳೆಯದಿದ್ದರೆ ಬದಿಯಿಂದ ಬೆಳಕು ಬಿದ್ದಾಗ ಆ ಗೆರೆ ಎದ್ದು ಕಾಣ್ತದೆ. ಮುಂದಿನಿಂದ ಲೈಟ್ ಹಾಕಿ ನೋಡಿ "ಸರಿ ಉಂಟು" ಅಂದರೆ ಆಗ್ಲಿಕ್ಕಿಲ್ಲ. ಗೋಡೆಗೆ ತಾಗಿಸಿ ಟಾರ್ಚ್ ಹಿಡಿದು ನೋಡಬೇಕು.

ಕಡಲಗಾಳಿ:
ಇಲ್ಲಿ ಕರಾವಳಿಯ ಮಾತು ಸೇರಿಸಲೇಬೇಕು. ಒಳಗಿನ ಸೆಟ್‌ಗೆ ಸರಿ ಇರುವ ಎಂಆರ್ ಗ್ರೇಡ್ (ತೇವ ಮಾತ್ರ ತಡೆಯುವ) ಪ್ಲೈ ಜೂನ್ ತಿಂಗಳಲ್ಲಿ ಹೊರಗೆ ನಿಲ್ಲಿಸಿದರೆ ಅಂಚಿನಿಂದ ಉಬ್ಬಿ ಪದರ ಬಿಡ್ತದೆ. ಹೊರಗಿನ ಕೆಲಸಕ್ಕೆ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ಗ್ರೇಡ್), ಇಲ್ಲವೇ ಮರೈನ್ ತಗೊಳ್ಳಿ, ಕತ್ತರಿಸಿದ ಅಂಚಿಗೆ ಪ್ರೈಮರ್ ಬಳೀರಿ. ನೀರು ಹೋಗುವುದು ಅಂಚಿನಿಂದಲೇ. ಮೊಳೆ, ಸ್ಕ್ರೂ ಜಿಐ (ಸತು ಲೇಪಿಸಿದ್ದು) ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಸಾದಾ ಕಬ್ಬಿಣದ್ದು ಉಪ್ಪುಗಾಳಿಗೆ ಕೆಲವೇ ದಿನದಲ್ಲಿ ತುಕ್ಕು ಹಿಡಿದು ಬಣ್ಣದ ಮೇಲೆ ಕಂದು ಕಣ್ಣೀರು ಇಳಿಸ್ತದೆ.

ಇನ್ನು ಗಾಳಿ. ಮಲ್ಪೆ, ಪಣಂಬೂರು ಕಡೆ ಮಧ್ಯಾಹ್ನದ ನಂತರ ಕಡಲಿನಿಂದ ಬೀಸ್ಲಿಕ್ಕೆ ಶುರು ಆಗ್ತದೆ. ಫ್ಲಾಟ್ ಅಂದರೆ ಹಾಯಿಯೇ. ಗಂಟೆಗೆ 36 ಕಿ.ಮೀ. ಗಾಳಿ ಮರದಪುಡಿಯವರ ಆ 12×10 ಗೋಡೆಯನ್ನು ಸುಮಾರು 80 ಕೆಜಿ ಭಾರದಷ್ಟು ತಳ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಬಲ ಗೋಡೆಯ ಮಧ್ಯಕ್ಕೆ, ಅಂದರೆ 5 ಅಡಿ ಎತ್ತರಕ್ಕೆ ಬೀಳುವುದರಿಂದ ಕಾಲಿಗೆ ನಾಲ್ಕು ಮರಳು ಚೀಲ ಇಟ್ಟು ಸುಮ್ಮನಿರ್ಲಿಕ್ಕೆ ಆಗುವುದಿಲ್ಲ. ಹೊರಗಿನ ಸೆಟ್‌ಗೆ ಕಬ್ಬಿಣದ ಪೈಪಿನ ಸ್ಕ್ಯಾಫೋಲ್ಡಿಂಗ್ ಹಿಂದೆ ಕಟ್ಟಿ, ಮೇಲಿನಿಂದ ಹಗ್ಗ ಎಳೆದು ಗೂಟಕ್ಕೆ ಬಿಗಿಯಬೇಕು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಹಲಗೆಯನ್ನು ಅಡ್ಡ ಹೂತು ಅದಕ್ಕೆ ಕಟ್ಟಬೇಕು. ಇದು ಜೀವದ ಪ್ರಶ್ನೆ, ಗೋಡೆಯ ಕೆಳಗೆ ಮಕ್ಕಳು, ಜೂನಿಯರ್ ಆರ್ಟಿಸ್ಟ್‌ಗಳು ನಿಂತಿರ್ತಾರೆ.

ಮಣಿಪಾಲ_ಬೆಟ್ಟ:
ಬೀಚಿನಲ್ಲಿ ಕಟ್ಟುವ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಉಂಟು, ತಾತ್ಕಾಲಿಕ ಸೆಟ್ ಆದರೂ ಜಿಲ್ಲಾಡಳಿತದ ಹತ್ತಿರ ಕೇಳಿಯೇ ಹೋಗಬೇಕು. ಸೈಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಮೊಳೆ, ಬಣ್ಣ, ಅಂಟು ಯಾವುದರ ಆಲೋಚನೆಯನ್ನೂ ಮಾಡಬೇಡಿ.

ಮಾದರಿಮನೆ:
ಸಾಫ್ಟ್‌ವೇರ್ ವಿಷಯಕ್ಕೆ ಬರ್ತೇನೆ. ಬ್ಲೆಂಡರ್ ಉಚಿತ, ಸ್ಕೆಚ್‌ಅಪ್ ಬೇಗ ಕೈಗೆ ಹತ್ತುತ್ತದೆ. ಈಗ ಹಿನ್ನೆಲೆ ತೋರಿಸುವ ಎಲ್‌ಇಡಿ ಗೋಡೆ ಎದುರು ಶೂಟಿಂಗ್ ಬಂದಿರುವುದರಿಂದ ಅನ್‌ರಿಯಲ್ ಎಂಜಿನ್ (3ಡಿ ಸಾಫ್ಟ್‌ವೇರ್) ಕಲಿತವರಿಗೆ ಬೇಡಿಕೆ ಉಂಟು. ಪೋರ್ಟ್‌ಫೋಲಿಯೊಗೆ ನಾಲ್ಕು ಒಳ್ಳೆ ರೆಂಡರ್ (ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ) ಸಾಕು. ಕಾರ್ಡ್‌ಬೋರ್ಡ್ ಮಾದರಿ ಕತ್ತರಿಸುವ ಕಾಲ ಮುಗೀತು.

ನೀಲನಕ್ಷೆ:
ಒಪ್ಪುವುದಿಲ್ಲ ಮಾರಾಯ್ರೆ. ರೆಂಡರ್ ನೋಡಿ ಬಡಗಿ ಮರ ಕೊಯ್ಯುವುದಿಲ್ಲ. ಪ್ಲಾನ್ (ಮೇಲಿನಿಂದ ಕಾಣುವ ನಕ್ಷೆ), ಎಲಿವೇಶನ್ (ಎದುರಿನಿಂದ ಕಾಣುವ ನಕ್ಷೆ), ಸೆಕ್ಷನ್ (ಅಡ್ಡ ಕೊಯ್ದ ಹಾಗೆ ತೋರಿಸುವ ನಕ್ಷೆ), ಮೋಲ್ಡಿಂಗ್‌ನ ಪೂರ್ಣ ಅಳತೆಯ ವಿವರ, ಇವು ಇಲ್ಲದ ಪೋರ್ಟ್‌ಫೋಲಿಯೊ ಚಿತ್ರಗಾರನದ್ದು, ಡಿಸೈನರ್‌ದಲ್ಲ. ಬಿಳಿ ಕಾರ್ಡಿನ 1:25 ಮಾದರಿ ಇವತ್ತಿಗೂ ನಿರ್ದೇಶಕ, ಛಾಯಾಗ್ರಾಹಕ ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸುವ ಸಾಧನ. ಫೋನ್ ಕ್ಯಾಮೆರಾವನ್ನು ಬಾಗಿಲಿನ ಹತ್ತಿರ ನೆಲದಿಂದ 6 ಸೆಂ.ಮೀ. ಎತ್ತರದಲ್ಲಿ ಹಿಡೀರಿ, 5 ಅಡಿ ಕ್ಯಾಮೆರಾ ಎತ್ತರ ಅಂದರೆ ಅಷ್ಟೇ ಆಗ್ತದೆ. ಯಾವ ಗೋಡೆ ಅಡ್ಡ ಬರ್ತದೆ ಅಂತ ಅಲ್ಲೇ ಕಾಣ್ತದೆ.

ಇನ್ನೊಂದು ತಪ್ಪು ತುಂಬ ಆಗ್ತದೆ. ನಮ್ಮ ಬಡಗಿಗಳು ಅಡಿ ಇಂಚಿನವರು, ಕಾಲೇಜಿನ ಡ್ರಾಯಿಂಗ್ ಮೆಟ್ರಿಕ್. ಕಾಲು ಇಂಚಿಗೆ ಒಂದು ಅಡಿ ಅಂದರೆ 1:48. ಆ ಹಾಳೆಯನ್ನು 1:50 ಸ್ಕೇಲ್ ಪಟ್ಟಿ ಇಟ್ಟು ಅಳೆದರೆ 12 ಅಡಿ ಗೋಡೆ ಹನ್ನೆರಡೂವರೆ ಅಡಿ ಅಂತ ಓದ್ತದೆ. ಅರ್ಧ ಅಡಿ ಹೆಚ್ಚು ಕೊಯ್ದರು ಅಂತ ಬಡಗಿಗೆ ಬೈಯ್ಯುವುದು, ತಪ್ಪು ಹಾಳೆಯದ್ದು. ಅಳತೆ ಅಂಕೆಯಲ್ಲೇ ಬರೀರಿ, "ಹಾಳೆಯಿಂದ ಅಳೆಯಬೇಡಿ" ಅಂತ ಕೆಳಗೆ ಬರೀರಿ.

ಮಾದರಿಮನೆ:
ಡ್ರಾಯಿಂಗ್ ಬೇಕು ಅನ್ನುವುದು ಸರಿ, ಅದನ್ನು ಒಪ್ಪುತ್ತೇನೆ. ಆದರೆ 3ಡಿಯಲ್ಲಿ ನಿಜವಾದ ಸೆನ್ಸರ್ ಅಳತೆ, ಲೆನ್ಸ್ ಹಾಕಿ ನೋಡುವುದು ಫೋನ್ ಹಿಡಿಯುವುದಕ್ಕಿಂತ ನಿಖರ. ಎರಡೂ ಇರಲಿ.

ಹಂಚಿನಮಾಡು:
ಊರಲ್ಲೇ ಕಲಿಯಬಹುದಾ ಅನ್ನುವ ಮೂಲ ಪ್ರಶ್ನೆ ಎಲ್ಲರೂ ಬಿಟ್ಟರು. ನನ್ನ ಪ್ರಕಾರ ಈ ಊರೇ ದೊಡ್ಡ ಗ್ರಂಥಾಲಯ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಬೇರೆ ಬೇರೆ ಕಡೆಯ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಪಿಲಿಕುಳದಲ್ಲಿ ಗುತ್ತಿನ ಮನೆ (ತುಳುನಾಡಿನ ಹಳೆ ದೊಡ್ಡ ಮನೆತನದ ಮನೆ) ಉಂಟು. ಬಿ.ಸಿ.ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ದಿನಬಳಕೆಯ ಸಾಮಾನುಗಳೇ ಇವೆ. ನೋಡಿ ಬರುವುದು ಬೇರೆ, ಅಳೆದು ಬರುವುದು ಬೇರೆ. ಅನುಮತಿ ಕೇಳಿ ಟೇಪು, ಸ್ಕೆಚ್ ಪುಸ್ತಕ ಹಿಡಿದು ಹೋಗಿ.

ಒಂದು ಚಾವಡಿ ಅಳೆಯುವ ಕ್ರಮ: ಮೊದಲು ಗೋಡೆಯ ಉದ್ದಕ್ಕೆ ಟೇಪು ಬಿಟ್ಟು ಶೂನ್ಯದಿಂದಲೇ ಎಲ್ಲ ಬಾಗಿಲು, ಕಿಟಕಿ, ಕಂಬದ ಅಂಕೆ ಒಂದೇ ಓಟದಲ್ಲಿ ಬರೀರಿ. ತುಂಡು ತುಂಡಾಗಿ ಅಳೆದರೆ ಪ್ರತಿ ತುಂಡಿನ ತಪ್ಪು ಕೂಡಿ ಬರ್ತದೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೀರಿ. ಹಳೆ ಮನೆಯ ಮೂಲೆ 90 ಡಿಗ್ರಿ ಇರುವುದು ಅಪರೂಪ, ಕರ್ಣ ಇಲ್ಲದಿದ್ದರೆ ಅದು ಗೊತ್ತಾಗ್ಲಿಕ್ಕಿಲ್ಲ. ಹೊಸ್ತಿಲಿನ ಎತ್ತರ, ದಾರಂದದ (ಬಾಗಿಲಿನ ಚೌಕಟ್ಟು) ಅಗಲ, ಕಿಟಕಿಯ ಗೋಡೆ ದಪ್ಪ, ಪಕ್ಕಾಸಿನಿಂದ ಪಕ್ಕಾಸಿಗೆ (ಮಾಡು ಹೊರುವ ಇಳಿಜಾರು ಮರ) ಅಂತರ, ಮಾಡು ಎಷ್ಟು ಹೊರಗೆ ಚಾಚಿದೆ, ಎಲ್ಲ ಬೇಕು. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಅಡಿಗಿಂತ ಹೆಚ್ಚು ದಪ್ಪ ಇರ್ತದೆ. ಸೆಟ್‌ನಲ್ಲಿ ಪ್ಲೈ ಕತ್ತರಿಸಿ ಕಿಟಕಿ ಮಾಡಿ ಒಳಬದಿಗೆ ಆ ದಪ್ಪ ಕೊಡದಿದ್ದರೆ ಎಷ್ಟು ಬಣ್ಣ ಹೊಡೆದರೂ ಅದು ರಟ್ಟಿನ ಮನೆಯೇ. ಎಲ್ಲ ಗೋಡೆಯೂ ದಪ್ಪ ಇರಬೇಕಾಗಿಲ್ಲ, ಬಾಗಿಲು ಕಿಟಕಿಯ ಒಳಬದಿಗೆ ಅಡಿಯಷ್ಟು ಅಗಲದ ಪಟ್ಟಿ ತಿರುಗಿಸಿದರೆ ಸಾಕು.

ಕುಂದಾಪ್ರ_ಕಿನಾರೆ:
ಸಮ ಹೇಳಿದ್ರಿ ಮರ್ರೆ. ಹಂಚಿನ ವಿಷಯವೂ ಹೇಳಿ.

ಹಂಚಿನಮಾಡು:
ಹೇಳ್ತೇನೆ. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಾಗಾಗಿ 1830ರ ಕಥೆಗೆ ಮಂಗಳೂರು ಹಂಚಿನ ಮಾಡು ಹಾಕಿದರೆ ತಪ್ಪು. ಮುಳಿಹುಲ್ಲು, ಮಡಲು, ಇಲ್ಲವೇ ಕುಂಬಾರರ ನಾಡಹಂಚು ಬರಬೇಕು. ಭಾರದ ಲೆಕ್ಕವೂ ಗೊತ್ತಿರಲಿ: ಒಂದು ಹಂಚು ಎರಡೂವರೆ ಕೆಜಿ ಹತ್ತಿರ, 100 ಚದರ ಅಡಿಗೆ ಸುಮಾರು 140 ಹಂಚು, ಅಂದರೆ 350 ಕೆಜಿ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ರೀಪಿನ ಫ್ಲಾಟ್ ಮೇಲೆ ಇದನ್ನು ಹೊರಿಸ್ಲಿಕ್ಕೆ ಆಗುವುದಿಲ್ಲ. ಕ್ಯಾಮೆರಾಗೆ ಹತ್ತಿರದ ಕೆಳಗಿನ ಎರಡು ಸಾಲು ನಿಜವಾದ ಹಂಚು, ಮೇಲಿನದ್ದು ಅದೇ ಹಂಚಿನಿಂದ ಅಚ್ಚು ತೆಗೆದ ಫೈಬರ್ ಶೀಟ್. ಕೆಳ ಸಾಲಿಗೆ ಮಾತ್ರ ಗಟ್ಟಿ ಆಧಾರ ಕೊಟ್ಟರೆ ಆಯ್ತು.

ಬಣ್ಣದಡಬ್ಬಿ:
ಮುರಕಲ್ಲಿನ ಗೋಡೆ ಸೆಟ್‌ನಲ್ಲಿ ಮಾಡುವ ಕ್ರಮ ಯಾರಾದರೂ ಕೇಳುವ ಮೊದಲೇ ಬರೆದುಬಿಡ್ತೇನೆ. 2 ಇಂಚಿನ ಥರ್ಮೋಕೋಲ್ ಶೀಟ್ ಪ್ಲೈಗೆ ಅಂಟಿಸಿ. ಅಂಟು ನೀರಿನದ್ದೇ ಆಗಬೇಕು, ದ್ರಾವಕದ ಅಂಟು, ಥಿನ್ನರ್ ಬಣ್ಣ, ಸಾದಾ ಸ್ಪ್ರೇ ಕ್ಯಾನ್ ತಾಗಿದರೆ ಥರ್ಮೋಕೋಲ್ ಕರಗಿ ಹೊಂಡ ಬೀಳ್ತದೆ. ಕಲ್ಲಿನ ಸಾಲು ಗುರುತು ಮಾಡಿ, ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಮಧ್ಯಕ್ಕೆ ಬರುವ ಹಾಗೆ. ಸಂದುಗಳನ್ನು ಬಿಸಿ ತಂತಿಯಿಂದ ತೆಗೀರಿ. ಮುರಕಲ್ಲಿಗೆ ತೂತು ತೂತು ಮೈ, ಅದಕ್ಕೆ ತಂತಿ ಬ್ರಷ್ ಒತ್ತಿ ತಿರುವಿ, ಅಲ್ಲಲ್ಲಿ ಹೀಟ್ ಗನ್ ಒಂದು ಕ್ಷಣ ತೋರಿಸಿ. ಹೊಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿ, ಬಾಗಿಲು ತೆರೆದಿಡಿ. ಮೇಲೆ ಸಿಮೆಂಟು, ಮರದ ಅಂಟು, ಜರಡಿ ಹಿಡಿದ ನಿಜವಾದ ಮುರಕಲ್ಲಿನ ಪುಡಿ ಕಲಸಿ ತೆಳು ಲೇಪ. ಇದು ಒಣಗಿದ ಮೇಲೆ ಥರ್ಮೋಕೋಲಿನ ಮಣಿ ಕಾಣಬಾರದು, ಕಂಡರೆ ಇನ್ನೊಂದು ಕೈ.

ಬಣ್ಣ: ಕೆಂಪು ಕಂದು ಮೂಲ, ಅಲ್ಲಲ್ಲಿ ಅರಸಿನ ಮಣ್ಣಿನ ತೇಪೆ, ತೂತಿನೊಳಗೆ ಕಡು ಕಂದು ನೀರಾಗಿ ಇಳಿಸಿ ಮೇಲ್ಮೈ ಒರೆಸಿ. ಕೊನೆಗೆ ಒಣ ಬ್ರಷ್ಷಿನಲ್ಲಿ ತಿಳಿ ಬಣ್ಣ ಅಂಚಿಗೆ ಮಾತ್ರ. ಈಗ ತೆಗೆದ ಕಲ್ಲು ಕೆಂಪು, ವರ್ಷಗಟ್ಟಲೆ ಮಳೆ ತಿಂದ ಕಲ್ಲು ಕಪ್ಪು. ಹಳೆ ಕಾಂಪೌಂಡಿಗೆ ಹೊಸ ಕೆಂಪು ಹೊಡೆದು "ಹಳ್ಳಿ ಮನೆ" ಅನ್ನುವುದು ನಮ್ಮ ಕಡೆಯ ಕಣ್ಣಿಗೆ ಕೂಡಲೇ ಗೊತ್ತಾಗ್ತದೆ.

ಚೌಕಿಮನೆ:
ಹಳತು ಮಾಡುವುದು ಅಂದರೆ ಕಂಡಲ್ಲೆಲ್ಲ ಕಂದು ಬಣ್ಣ ಚಿಮುಕಿಸುವುದು ಅಂತ ಕೆಲವರ ನಂಬಿಕೆ. ನೀರು ಎಲ್ಲಿಂದ ಬೀಳ್ತದೆ, ಕೈ ಎಲ್ಲಿ ತಾಗ್ತದೆ, ಹೊಗೆ ಎಲ್ಲಿಗೆ ಹೋಗ್ತದೆ, ಈ ಮೂರನ್ನು ಆಲೋಚನೆ ಮಾಡಿದರೆ ಕಲೆ ಎಲ್ಲಿ ಅಂತ ತಾನಾಗಿ ಗೊತ್ತಾಗ್ತದೆ. ಮಾಡಿನ ನೀರು ಅಂಗಳಕ್ಕೆ ಬಿದ್ದು ಚಿಮ್ಮಿ ಗೋಡೆಯ ಕೆಳಗಿನ ಒಂದೂವರೆ ಎರಡು ಅಡಿ ಕೆಂಪು ಮಣ್ಣಿನ ಕಲೆ. ಅದರ ಮೇಲೆ ಹಸಿರು ಪಾಚಿ. ಸ್ವಿಚ್ಚಿನ ಸುತ್ತ, ಕಂಬದ ನಡು ಎತ್ತರದಲ್ಲಿ ಕೈಯ ಜಿಡ್ಡು. ಒಲೆಯ ಮೇಲಿನ ಪಕ್ಕಾಸು ಕಪ್ಪು, ದೂರ ಹೋದ ಹಾಗೆ ಕಂದು. ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿದ ಗೀರು.

ಕುಡ್ಲ_ಕಟ್ಟೆ:
ಮಳೆ ದೃಶ್ಯಕ್ಕೆ ಹೊಡೆದ ಡಿಸ್ಟೆಂಪರ್ ಇಳಿದು ಹೋಗ್ತದಲ್ಲ, ಅದಕ್ಕೆ ಎಂತ ಮಾಡುವುದು?

ಬಣ್ಣದಡಬ್ಬಿ:
ಹೊರಗಿನ ಅಕ್ರಿಲಿಕ್ ಎಮಲ್ಷನ್ ಬಿಟ್ಟು ಬೇರೆ ಬೇಡ. ಪಾಚಿ, ಕಲೆಯ ಬಣ್ಣವನ್ನೂ ಅದರಲ್ಲೇ ಕಲಸಿ, ಕೊನೆಗೆ ಮ್ಯಾಟ್ ವಾರ್ನಿಷ್. ಒಂದು ಅಡಿ ತುಂಡಿಗೆ ಹೊಡೆದು ಮರುದಿನ ಪೈಪಿನ ನೀರು ಹತ್ತು ನಿಮಿಷ ಬಿಟ್ಟು ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಒಣಗುವ ಸಮಯ ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು, ಶೆಡ್ಯೂಲಿನಲ್ಲಿ ಎರಡು ಪಟ್ಟು ಇಡಿ. ಹಾಗೆಯೇ ಒಡೆಯುವ ಗಾಜಿಗೆ ಸಕ್ಕರೆ ಪಾಕದ ವಿಧಾನ ನಮ್ಮ ಹವೆಗೆ ಆಗುವುದಿಲ್ಲ. 150 ಡಿಗ್ರಿವರೆಗೆ ಕಾಯಿಸಿ ಎರೆದದ್ದು ಕೆಲವೇ ಗಂಟೆಯಲ್ಲಿ ಗಾಳಿಯ ನೀರು ಹೀರಿ ಅಂಟಂಟು ಆಗ್ತದೆ. ಅದಕ್ಕೆಂದೇ ಬರುವ ರೆಸಿನ್ ತರಿಸಿ.

ರಥಬೀದಿ:
ಕಾಲಮಾನದ ತಪ್ಪುಗಳ ಬಗ್ಗೆ ಹಂಚಿನಮಾಡು ಅವರು ಶುರು ಮಾಡಿದ್ದನ್ನು ಮುಂದುವರಿಸ್ತೇನೆ. ಇದು ಅಧ್ಯಯನದ ದೊಡ್ಡ ಭಾಗ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1950ರ ತಾಲೂಕು ಕಚೇರಿ ಸೆಟ್ಟಿನಲ್ಲಿ ಮೈಸೂರಿನ ಲಾಂಛನ ತೂಗುಹಾಕುವ ಹಾಗಿಲ್ಲ. "ಕರ್ನಾಟಕ" ಅನ್ನುವ ಬೋರ್ಡ್ 1973ರ ನವೆಂಬರ್‌ನ ನಂತರ. ಅಂಗಡಿ ವಿಳಾಸದಲ್ಲಿ ಪಿನ್ ಕೋಡ್ 1972ರ ಆಗಸ್ಟ್‌ಗಿಂತ ಮೊದಲು ಬರಬಾರದು. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. ಕೊಂಕಣ ರೈಲು ಮುಂಬೈವರೆಗೆ ತೆರೆದದ್ದು 1998ರ ಜನವರಿ 26, ಹಾಗಾಗಿ 80ರ ದಶಕದ ಉಡುಪಿಯ ಕಥೆಯಲ್ಲಿ ಮುಂಬೈಗೆ ಹೊರಟವನು ಬಸ್‌ಸ್ಟ್ಯಾಂಡಿಗೇ ಹೋಗಬೇಕು.

ಕ್ಯಾಲೆಂಡರಿನದ್ದು ಸೂಕ್ಷ್ಮ. 1975 ಮತ್ತು 2025ರ ವಾರಗಳು ಒಂದೇ. ಅದಕ್ಕೆ ಈಗಿನ ಕ್ಯಾಲೆಂಡರಿನ ಮೇಲೆ ಇಸವಿ ಮಾತ್ರ ಬದಲಿಸಿ ಹಾಕ್ತಾರೆ. ವಾರ ಸರಿ, ತಿಥಿ ಸರಿ ಇಲ್ಲ. ಅಮಾವಾಸ್ಯೆ, ಯುಗಾದಿ, ಚೌತಿ ಎಲ್ಲ ಬೇರೆ ದಿನಕ್ಕೆ ಬಂದಿರ್ತದೆ. ಹತ್ತಿರದ ಶಾಟ್ ಇದ್ದರೆ ಆ ವರ್ಷದ ಪಂಚಾಂಗ ಹುಡುಕಿ ಆ ತಿಂಗಳ ಹಾಳೆಯನ್ನು ಹೊಸದಾಗಿ ಮುದ್ರಿಸಿ.

ಕುಂದಾಪ್ರ_ಕಿನಾರೆ:
ವಾಹನದ ನಂಬರ್ ಪ್ಲೇಟ್ ಮರೆತರಾ? ಕೆಎ ಅಂತ ಶುರು ಆದದ್ದು 1989ರಲ್ಲಿ. ಮಂಗಳೂರಿಗೆ ಕೆಎ 19, ಉಡುಪಿಗೆ ಕೆಎ 20.

ಚೌಕಿಮನೆ:
ಯಕ್ಷಗಾನ ಬಂದರೆ ಅದಕ್ಕೂ ಪ್ರತ್ಯೇಕ ಅಧ್ಯಯನ ಬೇಕು. ಕಟೀಲು ಕಡೆಯ ಕಥೆ ಅಂತ ಹೇಳಿ ಬಡಗುತಿಟ್ಟಿನ ಕೇದಗೆ ಮುಂದಲೆ (ತಲೆಯ ಅಲಂಕಾರ) ಕಟ್ಟಿಸಿದರೆ ಊರವರು ಅಲ್ಲಿಗೇ ಟಿವಿ ಬಂದ್ ಮಾಡ್ತಾರೆ. ಯಕ್ಷಗಾನದ ಎರಡು ಶೈಲಿಯಲ್ಲಿ ಕಟೀಲು ತೆಂಕುತಿಟ್ಟು, ಮಂದಾರ್ತಿ ಬಡಗುತಿಟ್ಟು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಪೆಟ್ಟಿಗೆ ಇಡುವ ಕ್ರಮ, ಗಣಪತಿ ಪೂಜೆಯ ಜಾಗ, ಯಾರು ಎಲ್ಲಿ ಕೂತು ಬಣ್ಣ ಹಚ್ಚುವುದು, ಎಲ್ಲಕ್ಕೂ ಕ್ರಮ ಉಂಟು.

ಮಾದರಿಮನೆ:
ಕೋಲದ (ದೈವಾರಾಧನೆ) ದೃಶ್ಯ ಇದ್ದರೆ? ನೈಜತೆಗೆ ನಿಜವಾದ ಭಂಡಾರದ ವಸ್ತುಗಳೇ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇದೆಯಾ?

ಚೌಕಿಮನೆ:
ಬೇಡವೇ ಬೇಡ. ಭಂಡಾರದ ಮೊಗ (ಮುಖವಾಡ), ಕಡ್ಸಲೆ (ಖಡ್ಗ), ಗಗ್ಗರ (ಕಾಲಿಗೆ ಕಟ್ಟುವ ಗೆಜ್ಜೆ) ಪ್ರಾಪ್ಸ್ ಅಲ್ಲ. ಅವು ಪೂಜೆಗೆ ಇರುವಂಥದ್ದು, ಕಟ್ಟುವವರಿಗೆ ಕಟ್ಟುಪಾಡು ಉಂಟು. ಪ್ರತಿಕೃತಿ ಮಾಡಿ, ಅದನ್ನೂ ಯಾವುದೇ ಒಂದು ದೈವಸ್ಥಾನದ ಮೊಗದ ನಕಲು ಆಗದ ಹಾಗೆ. ಗುತ್ತಿನವರನ್ನು, ದೈವ ಕಟ್ಟುವ ಸಮುದಾಯದವರನ್ನು ಕೂತು ಮಾತಾಡಿಸಿ, ಎಂತ ತೋರಿಸಬಹುದು, ಎಂತ ತೋರಿಸಬಾರದು ಅಂತ ಅವರು ಹೇಳಿದ್ದನ್ನು ಬರೆದುಕೊಂಡು ನಿರ್ದೇಶಕರಿಗೆ ಕೊಡಿ. ಈ ಸಂಶೋಧನೆ ಸಹ ಡಿಸೈನರ್‌ನ ಕೆಲಸವೇ.

ಮಾದರಿಮನೆ:
ಸರಿ, ಅರ್ಥ ಆಯ್ತು. ಆ ಕಡೆಯಿಂದ ಆಲೋಚಿಸಿರಲಿಲ್ಲ.

ಕ್ಯಾಮೆರಾಕಣ್ಣು:
ಸೆಟ್‌ನೊಳಗಿನ ದೀಪ ಆಯ್ಕೆ ಮಾಡುವವರಿಗೆ ಎರಡು ಮಾತು. ನಮ್ಮ ಕರೆಂಟು 50 ಹರ್ಟ್ಸ್. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬನ್ನು ತೂಗುದೀಪಕ್ಕೆ ಹಾಕಿದರೆ ಸೆಕೆಂಡಿಗೆ 24 ಫ್ರೇಮ್, 180 ಡಿಗ್ರಿ ಶಟರ್‌ನಲ್ಲಿ ಮಿನುಗು ಬರಬಹುದು. ಶಟರ್ 172.8 ಡಿಗ್ರಿಗೆ ಇಟ್ಟರೆ ಸೆಕೆಂಡಿನ 50ನೇ ಒಂದು ಭಾಗ ಆಗಿ ಸರಿ ಹೋಗ್ತದೆ, ಆದರೆ ಸ್ಲೋ ಮೋಷನ್ ತೆಗೆಯುವಾಗ ಆ ದಾರಿ ಇಲ್ಲ. ಬಲ್ಬ್ ತರುವ ಮೊದಲೇ ಕ್ಯಾಮೆರಾ ತಂಡಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಇನ್ನೊಂದು, ಸುಣ್ಣದ ಅಪ್ಪಟ ಬಿಳಿ ಗೋಡೆ ಎದುರು ಬಿಳಿ ಪಂಚೆ ನಿಂತರೆ ಎರಡೂ ಸುಟ್ಟು ಹೋಗ್ತವೆ. ಬಿಳಿಗೆ ಸ್ವಲ್ಪ ಕಾವಿ, ಸ್ವಲ್ಪ ಬೂದು ಸೇರಿಸಿ ಇಳಿಸಿ. ಕಣ್ಣಿಗೆ ಕೊಳೆ ಕಂಡರೂ ಪರದೆಯಲ್ಲಿ ಬಿಳಿಯೇ ಕಾಣ್ತದೆ.

ಮರದಪುಡಿ:
ಸೀರಿಯಲ್ ಮತ್ತು ಸಿನಿಮಾದ ವ್ಯತ್ಯಾಸ ಹೇಳಿ ನಾನು ಮುಗಿಸ್ತೇನೆ. ಸಿನಿಮಾ ಸೆಟ್ ಕೆಲವು ದಿನ ನಿಂತರೆ ಸಾಕು. ಸೀರಿಯಲ್ ಮನೆ ವರ್ಷಗಟ್ಟಲೆ ನಿಲ್ಲಬೇಕು, ಬಾಗಿಲು ದಿನಕ್ಕೆ ನೂರು ಸಲ ತೆರೆದು ಮುಚ್ಚುತ್ತದೆ. ದಾರಂದ ಫ್ಲಾಟ್‌ಗೆ ಸೇರಿಸದೆ ನೆಲಕ್ಕೆ ಸ್ವತಂತ್ರ ಚೌಕಟ್ಟಿನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಬಾಗಿಲು ಹಾಕಿದಾಗಲೆಲ್ಲ ಗೋಡೆ ನಡುಗಿ ಚಿತ್ರಪಟ ಅಲ್ಲಾಡ್ತದೆ. ಮೂರು ಕ್ಯಾಮೆರಾ ಒಟ್ಟಿಗೆ ಓಡುವುದರಿಂದ ನಾಲ್ಕನೇ ಗೋಡೆ ಇರುವುದಿಲ್ಲ, ಮೇಲೆ ಲೈಟ್ ಗ್ರಿಡ್. ಸೋಫಾ ಗೋಡೆಗೆ ತಾಗಿಸಬೇಡಿ, 4 ಅಡಿ ಮುಂದೆ ಇಡಿ. ಹಿಂದಿನಿಂದ ನಟರು ಓಡಾಡ್ಲಿಕ್ಕೂ, ಮುಖದ ನೆರಳು ಗೋಡೆಗೆ ಬೀಳದೆ ಇರ್ಲಿಕ್ಕೂ. ಥರ್ಮೋಕೋಲ್ ಇದ್ದ ಕಡೆ ಬಿಸಿ ಲೈಟ್ ಹತ್ತಿರ ತರಬೇಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇರಲಿ.

ಬಿಳಿಹಾಳೆ:
ಇಷ್ಟು ವಿವರ ಬರ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬ ಉಪಕಾರ ಆಯ್ತು. ಹೀಗೆ ಮಾಡುವ ಅಂತ ಉಂಟು: ಒಂದು ಕಥೆ, ಹನ್ನೆರಡು ದೃಶ್ಯ ಒಡೆಯುವುದು. ಒಂದು ಚಾವಡಿ ಅಳೆದು ಪ್ಲಾನ್, ಎಲಿವೇಶನ್. ಅದರ 1:25 ಮಾದರಿ. ಎರಡು ಲೆನ್ಸ್‌ನಲ್ಲಿ ಚೌಕಟ್ಟು ನೋಡಿ ಯಾವ ಗೋಡೆ ಕಳಚಬೇಕು ಅಂತ ಗುರುತು. ಪ್ಲೈ, ರೀಪಿನ ಪಟ್ಟಿ. ಕೊನೆಗೆ 2×2 ಅಡಿ ಮುರಕಲ್ಲಿನ ತುಂಡು ನಿಜವಾಗಿ ಮಾಡಿ ಫೋಟೊ. ಇಷ್ಟು ಪೋರ್ಟ್‌ಫೋಲಿಯೊಗೆ ಸಾಕಾ?

ನೀಲನಕ್ಷೆ:
ಸಾಕು. ಬಿಟ್ಟ ಪ್ರಯತ್ನ, ತಪ್ಪಿದ ಸ್ಕೆಚ್ ಸಹ ಒಂದೆರಡು ಪುಟ ಇರಲಿ, ಸಂದರ್ಶನದಲ್ಲಿ ಕೇಳುವುದೇ "ಇದು ಯಾಕೆ ಬದಲಿಸಿದಿರಿ" ಅಂತ.

ಬಿಳಿಹಾಳೆ:
ಇನ್ನೊಂದು ಮಾತ್ರ. ಮಾದರಿಯಲ್ಲಿ ಆ ದಪ್ಪ ಗೋಡೆ ಹೇಗೆ ತೋರಿಸುವುದು? ಇಲ್ಲಿ ಸಿಗುವುದು 5 ಎಂಎಂ ಫೋಮ್‌ಬೋರ್ಡ್.

ಹಂಚಿನಮಾಡು:
14 ಇಂಚು ಗೋಡೆ ಅಂದರೆ 355 ಮಿ.ಮೀ., 25ರಿಂದ ಭಾಗಿಸಿದರೆ 14 ಮಿ.ಮೀ. ಎರಡು ಬೋರ್ಡ್ ನಿಲ್ಲಿಸಿ ನಡುವೆ 4 ಎಂಎಂ ಪಟ್ಟಿ ಕೊಟ್ಟು ಅಂಟಿಸಿ, ಕಿಟಕಿಯ ಬಾಯಿಗೆ ಬಿಳಿ ಕಾಗದ ಸುತ್ತಿ ಮುಚ್ಚಿ.